ಲಿಸಾವೆತಾಳ ನೀರು ಹೊತ್ತ ತೆಕ್ಲಾ

“ಇಟಲೀಲಿ, ಆ ಬೊಲೋನ್ಯಾದಲ್ಲಿ ನಾನು ನೋಡ್ಕೊಳ್ತಿದ್ದ ಮುದುಕಿ ಹಾಸಿಗೇಲೇ ಎಲ್ಲಾ ಮಾಡ್ಕೊಳ್ಳೋಳು ದೊಡ್ಡಮ್ಮ. ಒರೆಸೋಳು ನಾನೇ, ತೊಳೆಯೋಳು ನಾನೇ. ಸೋಪು ಹಾಕಿ ಕೈ ತೊಳ್ಕೊಂಡು ಬಂದು ಅದೇ ಕೋಣೇಲಿ ಕೂತು ಊಟ ಮಾಡ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ದಿನ ವಾಕರಿಕೆ ಬರ್ಲಿಲ್ಲ. ಮನುಷ್ಯರ ಮೈ ಅಲ್ವಾ, ಕೊನೆಗೆ ಎಲ್ಲರದ್ದೂ ಹಂಗೇ ಆಗೋದು. ಆದ್ರೆ ನಿನ್ನೆ ಊರ ಭವನದಲ್ಲಿ ಮೇಯರ್ ಓನುಫ್ರಿ ಎದೆ ಮೇಲೆ ಕೈ ಇಟ್ಕೊಂಡು, ‘ನನ್ನ ಜನ, ನನ್ನ ರಕ್ತ, ನಿಮ್ಮ ಮಕ್ಕಳು ನನ್ನ ಮಕ್ಕಳು’ ಅಂದ್ನಲ್ಲ, ಆಗ ಬಂತು ನೋಡು. ಎದ್ದು ಹೊರಗೆ ಹೋಗಿ ಅಕ್ರೋಟು ಮರ ಹಿಡ್ಕೊಂಡು ತಿಂದಿದ್ದೆಲ್ಲ ಕಕ್ಕಿದೆ. ಅವನ ಹಂದಿಮನೆ ಗುಂಡಿಯಿಂದ ಕೊಚ್ಚೆ ಇಳ್ದು ನಮ್ಮ ಕೆಳಕೇರಿ ಬಾವಿಗೆಲ್ಲ ಸೇರಿದೆ. ಆ ನೀರಲ್ಲಿ ಕಲಸಿದ ಹಾಲು ಕುಡ್ದು ನನ್ನ ಮೊಮ್ಮಗಳ ತುಟಿ ನೀಲಿ ಆಯ್ತು. ನಿಮ್ಮ ಮಕ್ಕಳು ನನ್ನ ಮಕ್ಕಳಂತೆ. ಕೂತಿದ್ದೋರೆಲ್ಲ ಚಪ್ಪಾಳೆ ಹೊಡೆದ್ರು. ಮುಂದಿನ ಸಾಲಲ್ಲಿ ಕೂತು ಎಲ್ರಿಗಿಂತ ಜೋರಾಗಿ ಹೊಡೀತಿದ್ದೋಳು ನಮ್ಮ ಯುಸ್ತಿನಾ. ಅವಳ ಬಾವಿ ನನ್ನ ಬಾವಿಗಿಂತ ಹೆಚ್ಚು ನಾರತ್ತೆ.

“ಯುರೋಪ್ ಯುರೋಪ್ ಅಂತ ಕುಣೀತಾಳೆ ಅಂತಾರಲ್ಲ ನನ್ನ, ನಂಗೆ ಅದು ಸ್ವರ್ಗ ಅಲ್ಲ. ಯುರೋಪಿನ ಅಂಡು ತೊಳ್ದೋಳು ನಾನು, ಅದು ಎಂಥದ್ದು ಅಂತ ನಂಗೆ ಗೊತ್ತು. ಅಲ್ಲೂ ಕಳ್ಳರಿದ್ದಾರೆ. ಅಲ್ಲೂ ಹೆತ್ತೋರನ್ನ ನೋಡ್ಕೊಳ್ಳೋಕೆ ನಮ್ಮಂಥೋರೇ ಬೇಕು. ಆದ್ರೆ ಅಲ್ಲಿ ಯಾರಾದ್ರೂ ತೊರೆಗೆ ಹಂದಿ ಹೊಲಸು ಬಿಟ್ರೆ ಸರ್ಕಾರದೋರು ಬಂದು ಬಾಗಿಲು ಹಾಕಿಸ್ತಾರೆ. ಮೇಯರ್ ಆದ್ರೂ ಅಷ್ಟೇ, ಮೇಯರ್ ಅಪ್ಪ ಆದ್ರೂ ಅಷ್ಟೇ. ನಂಗೆ ಅಷ್ಟು ಸಾಕು. ಅದಕ್ಕೇ ಮೇಯರ್ ಚುನಾವಣೆಗೆ ನಿಲ್ತೀನಿ ಅಂತ ಹೆಸರು ಕೊಟ್ಟು ಬಂದೆ. ನಗ್ಬೇಡ ದೊಡ್ಡಮ್ಮ. ನಗೋದಾದ್ರೆ ಈಗ್ಲೇ ನಕ್ಕು ಮುಗಿಸ್ಬಿಡು.”

ನಾನು ನಗಲಿಲ್ಲ. ನನ್ನ ಗೇಟಿನ ಮುಂದಿನ ಬೆಂಚಿನ ಮೇಲೆ ಕೂತು ತೆಕ್ಲಾ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಮಡಿಲಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕೊಡವಿ ಎದ್ದು ಹೋದಳು. ದ್ರಾಕ್ಷಿ ಕೊಯ್ಲು ಶುರುವಾಗುವ ಹೊತ್ತು ಅದು. ಆ ಕಾಲದಲ್ಲಿ ನಮ್ಮೂರು ಪ್ರುನೇನಿಯಲ್ಲಿ ಪ್ರತಿ ಅಂಗಳದಿಂದಲೂ ಹೊಸ ರಸದ ಹುಳಿ ವಾಸನೆ ಬರಬೇಕು. ಕೆಳಕೇರಿಯಲ್ಲಿ ಮಾತ್ರ ಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಹಂದಿಯ ಉಚ್ಚೆಯ ನಾತ. ಒಣಹಾಕಿದ ದಿಂಬಿನ ಚೀಲಕ್ಕೆ, ರೊಟ್ಟಿಗೆ, ತಲೆಗೂದಲಿಗೆ ಅದು ಹತ್ತಿಕೊಳ್ಳುತ್ತದೆ. ಮದುವೆಗೆಂದು ಬೇರೆ ಊರಿಗೆ ಹೋದರೆ ಬಸ್ಸಿನಲ್ಲಿ ಪಕ್ಕ ಕೂತವರು ಮುಖ ತಿರುಗಿಸುತ್ತಾರೆ.

ತೆಕ್ಲಾ ಬೊಸ್ತಾನ್ ನನ್ನ ಬೇಲಿಯಾಚೆಯ ಮನೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಮಾಸ್ಕೋಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದ. ಇವಳು ಮಗನನ್ನು ನನ್ನ ಕೈಗೆ ಒಪ್ಪಿಸಿ ಇಟಲಿಗೆ ಹೋದಳು. ಬರುವಾಗ ಮೊಣಕಾಲು ನೋವು ತಂದಳು, ಮನೆಗೆ ಹೊಸ ಮಾಡು ಹಾಕಿಸಿದಳು, ಮಗ ಗವ್ರೀಲನಿಗೆ ಮದುವೆ ಮಾಡಿದಳು. ಮೊಮ್ಮಗಳು ಹುಟ್ಟಿದ ಮೇಲೆ ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಮಗುವಿನ ತುಟಿ, ಉಗುರು ಎಲ್ಲ ನೀಲಿಗಟ್ಟಿತು. ಪೇಟೆಯ ಆಸ್ಪತ್ರೆಯ ವೈದ್ಯೆ, “ಯಾವ ಬಾವಿ ನೀರು ಕುಡಿಸಿದ್ರಿ” ಎಂದು ಕೇಳಿದಳಂತೆ. ಮಗು ಬದುಕಿತು. ಆದರೆ ಸೊಸೆ ಅದನ್ನು ಮತ್ತೆ ಈ ಅಂಗಳಕ್ಕೆ ತರಲಿಲ್ಲ. ಪೇಟೆಯಲ್ಲಿ ಒಂದು ಕೋಣೆ ಹಿಡಿದು ಮೂವರೂ ಅಲ್ಲೇ ನಿಂತರು. “ಬಾವಿ ಚೊಕ್ಕ ಆದ ದಿನ ಬರ್ತೀವಿ ಅತ್ತೆ” ಅಂದಳು ಸೊಸೆ. ಅದರಲ್ಲಿ ತಪ್ಪೇನಿದೆ. ತೆಕ್ಲಾ ಚುನಾವಣೆಗೆ ನಿಂತಿದ್ದು ದೇಶ ಉದ್ಧಾರ ಮಾಡುವುದಕ್ಕಲ್ಲ, ಆ ಮಗು ಅಂಗಳಕ್ಕೆ ಬರಲಿ ಎಂದು.

ಅವಳಿಗೆ ಜಾಗ ಕೊಟ್ಟ ಪಕ್ಷದ ಹೆಸರು ‘ಯುರೋಪಿನ ಕಿಟಕಿ’. ನಮ್ಮ ಮೊಲ್ದೋವಾ ದೇಶ ಯುರೋಪಿನ ಒಕ್ಕೂಟ ಸೇರಲಿ ಎನ್ನುವ ದೊಡ್ಡ ಪಕ್ಷಗಳು ಬೇರೆ ಇವೆ. ಇದು ಚಿಕ್ಕದು, ಊರಿಗೊಂದು ಹಿಡಿ ಜನವೂ ಇರಲಿಲ್ಲ. ನಮ್ಮಲ್ಲಿ ತೆಕ್ಲಾ, ಶಾಲೆಯ ಒಬ್ಬ ಮೇಷ್ಟ್ರು, ಜೇನು ಸಾಕುವ ಗಂಡ ಹೆಂಡತಿ, ಅಷ್ಟೇ. ತೆಕ್ಲಾಳ ಬೇಸಿಗೆ ಅಡುಗೆಮನೆಯಲ್ಲಿ ಸಭೆ. ನಾನು ಒಲೆಯ ಪಕ್ಕ ಕೂತು ಮಮಾಲಿಗಾ ತಿರುಗಿಸುತ್ತಿದ್ದೆ. ಈ ಮೆಕ್ಕೆಜೋಳದ ಮುದ್ದೆಯನ್ನು ಕೈ ಬಿಡದೆ ತಿರುಗಿಸದಿದ್ದರೆ ತಳ ಹಿಡಿಯುತ್ತದೆ. ಹಾಗಾಗಿ ಮಾತೆಲ್ಲ ನನ್ನ ಕಿವಿಗೆ ಬಿತ್ತು.

ಜಿಲ್ಲೆಯಿಂದ ಬಂದ ಪಕ್ಷದ ಮನುಷ್ಯ ಎಮಿಲಿಯಾನ್. ನಡುವಯಸ್ಸು, ಚೊಕ್ಕ ಬೂಟು, ಗಂಧದ ಎಣ್ಣೆ ಹಾಕಿದ ಗಡ್ಡ. ಒಂದು ರಟ್ಟಿನ ಪೆಟ್ಟಿಗೆಯ ತುಂಬ ನೀಲಿ ಟೋಪಿಗಳನ್ನು ತಂದಿದ್ದ. ಟೋಪಿಯ ಮೇಲೆ ಒಂದು ತೆರೆದ ಕಿಟಕಿಯ ಚಿತ್ರ.

“ತೆಕ್ಲಾ ಮೇಡಂ, ನೀವು ಹಂದಿ ಹಂದಿ ಅಂತ ಜಾಸ್ತಿ ಹೇಳ್ಬೇಡಿ. ಕನಸು ಹೇಳಿ. ದಾರಿ, ಬೆಳಕು, ಭವಿಷ್ಯ” ಎಂದ.

“ನಮ್ಮ ಜನಕ್ಕೆ ಕನಸು ಬೀಳಲ್ಲ ಸ್ವಾಮಿ, ನಾತಕ್ಕೆ ನಿದ್ದೇನೇ ಬರಲ್ಲ” ಎಂದಳು ತೆಕ್ಲಾ.

ಮೇಷ್ಟ್ರು ನಕ್ಕರು. ಎಮಿಲಿಯಾನ್ ನಗಲಿಲ್ಲ. ಮುದ್ದೆಯನ್ನು ದಾರದಿಂದ ಕತ್ತರಿಸಿ ಕುರಿ ಹಾಲಿನ ಚೀಸ್ ಜೊತೆ ಮುಂದಿಟ್ಟೆವು. ಅವನು ತಟ್ಟೆಯ ಅಂಚನ್ನು ಕರವಸ್ತ್ರದಿಂದ ಒರೆಸಿಕೊಂಡು, ತಿಂದಂತೆ ಮಾಡಿ ಬಿಟ್ಟ. ಕುಡಿಯಲು ನೀರು ಕೊಟ್ಟರೆ ಲೋಟವನ್ನು ಮುಟ್ಟಲಿಲ್ಲ. ಅವನ ಕಾರಿನಲ್ಲಿ ಬಾಟಲಿ ಇತ್ತು. ಆ ನೀರು ಗುಡ್ಡದ ಮೇಲಿನ ಒರತೆಯಿಂದ ತೆಕ್ಲಾ ತಂದದ್ದು, ಚೊಕ್ಕ ನೀರು. ಅವನಿಗೆ ಅದನ್ನು ಹೇಳುವಷ್ಟು ಮನಸ್ಸು ನನಗೆ ಬರಲಿಲ್ಲ.

ಕೇರಿಯ ಜನ ಟೋಪಿಯನ್ನು ಬೇಡ ಅನ್ನಲಿಲ್ಲ. ತಲೆಗೆ ಹಾಕಿಕೊಂಡು ದ್ರಾಕ್ಷಿ ಕೊಯ್ದರು. “ಕಿಟಕಿ ತೆಗ್ದ್ರೆ ಬರೋದು ಓನುಫ್ರಿ ಹಂದಿ ವಾಸನೇನೇ ಅಲ್ವಾ ತೆಕ್ಲಾ, ಮುಚ್ಕೊಂಡಿರೋದೇ ವಾಸಿ” ಎಂದು ಒಬ್ಬ. “ಯುರೋಪ್ ಬಂದ್ರೆ ಮನೇಲಿ ಹಂದಿ ಕುಯ್ಯೋಕೆ ಬಿಡಲ್ವಂತೆ, ಕ್ರಿಸ್‌ಮಸ್‌ಗೆ ಎಲೆಕೋಸು ನೆಕ್ಕೋದಾ” ಎಂದು ಇನ್ನೊಬ್ಬ. ಯುಸ್ತಿನಾ ಅಂತೂ ಬೆಂಚಿನ ಮೇಲೆ ಕೂತು, “ಇಟಲೀಲಿ ಮುದುಕರ ಹಾಸಿಗೆ ತೊಳ್ದೋಳಿಗೆ ಊರು ತೊಳೆಯೋದು ಏನ್ ಮಹಾ” ಎಂದಳು. ತೆಕ್ಲಾ ಎಲ್ಲ ಕೇಳಿಸಿಕೊಂಡು, “ಹೌದು ಕಣೆ, ಅದಕ್ಕೇ ನಿಂತಿರೋದು” ಎಂದು ಮುಂದಿನ ಮನೆಗೆ ಹೋಗುತ್ತಿದ್ದಳು. ನಿಜ ಹೇಳಬೇಕೆಂದರೆ ಜನ ಒಳಗೊಳಗೇ ಅವಳ ಕಡೆ ವಾಲುತ್ತಿದ್ದರು. ಕೆಳಕೇರಿಯಲ್ಲಿ ಮೇಲುಕೇರಿಗಿಂತ ಮನೆ ಹೆಚ್ಚು. ಗುಡ್ಡದ ಒರತೆಗೆ ಕೈಗಾಡಿ ತಳ್ಳಿಕೊಂಡು ಹೋಗಿ ಎಲ್ಲರ ಸೊಂಟವೂ ಮುರಿದಿತ್ತು.

ಆಗ ಓನುಫ್ರಿಯ ತಾಯಿ ಲಿಸಾವೆತಾ ಹಾಸಿಗೆ ಹಿಡಿದಳು.

ಲಿಸಾವೆತಾ ನನ್ನ ವಾರಿಗೆಯವಳು. ಮಗ ಗುಡ್ಡದ ಮೇಲೆ ಎರಡಂತಸ್ತಿನ ಮನೆ ಕಟ್ಟಿಸಿದರೂ ಅವಳು ಕೆಳಕೇರಿಯ ಹಳೆಯ ಮನೆ ಬಿಡಲಿಲ್ಲ. ಅವಳ ಬಾವಿಯೂ ಕೆಟ್ಟಿತ್ತು. ಮಗ ಬಾಟಲಿ ನೀರು ಕಳಿಸಿದರೆ ಅದನ್ನು ಕೋಳಿಗೆ ಹುಯ್ಯುತ್ತಿದ್ದಳು. ಅವಳನ್ನು ನೋಡಲು ನಾನೂ ತೆಕ್ಲಾಳೂ ಒಟ್ಟಿಗೆ ಹೋಗಿದ್ದೆವು. ಮಗ ಅಂಗಳದಲ್ಲಿ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಮುದುಕಿ ತೆಕ್ಲಾಳ ಮಣಿಕಟ್ಟು ಹಿಡಿದುಕೊಂಡಳು.

“ನನ್ನ ನೀರು ನೀನು ಹೊರ್ಬೇಕು ಮಗಳೇ” ಎಂದಳು.

ನಮ್ಮ ಕಡೆ ಯಾರಾದರೂ ಸತ್ತರೆ ನಲವತ್ತು ದಿನ ಅವರ ಹೆಸರಿನಲ್ಲಿ ಒಬ್ಬಳು ಮನೆಮನೆಗೆ ನೀರು ಹೊರಬೇಕು. ಆ ನೀರು ಹೋದವರ ಗಂಟಲಿಗೆ ಮುಟ್ಟುತ್ತದೆ. ತೆಗೆದುಕೊಂಡವರು “ದೇವರು ಅವಳನ್ನು ಕ್ಷಮಿಸಲಿ” ಅನ್ನಬೇಕು. ಹೊರುವವಳು ಒಂದು ದಿನ ತಪ್ಪಿಸುವಂತಿಲ್ಲ. ನೀರು ಕೊಡುವ ಬಾಗಿಲಲ್ಲಿ ಜಗಳದ ಮಾತು, ಸತ್ತವರ ಮನೆಯವರ ಮೇಲೆ ದೂರು ಆಡುವಂತಿಲ್ಲ. ಆಡಿದರೆ ಆ ನೀರು ದಾರಿಯಲ್ಲೇ ಕೆಡುತ್ತದೆ. ಸಾಯುವವರು ಬಾಯಿ ಬಿಟ್ಟು ಕೇಳಿದರೆ ಇಲ್ಲ ಎನ್ನುವ ಹೆಂಗಸನ್ನು ನಾನು ಕಂಡಿಲ್ಲ.

“ನಿಮ್ಮ ಸೊಸೆ ಇದ್ದಾಳಲ್ಲ ಲಿಸಾವೆತಾ ಅತ್ತೆ” ಎಂದಳು ತೆಕ್ಲಾ.

“ಅವನ ಮನೆ ನೀರು ನನ್ನ ಗಂಟಲಲ್ಲಿ ಇಳಿಯಲ್ಲ. ಇಲ್ಲೂ ಇಳೀಲಿಲ್ಲ, ಅಲ್ಲೂ ಇಳಿಯಲ್ಲ. ಒರತೆ ನೀರು ತಗೊಂಡು ಬಾ. ನೀನೇ ತಗೊಂಡು ಬಾ.”

ತೆಕ್ಲಾ ಹೂಂ ಅಂದಳು. ಅಂದ ಮೇಲೆ ನನ್ನ ಮುಖ ನೋಡಿದಳು. ನಾನಾಗಿದ್ದರೂ ಹೂಂ ಅನ್ನುತ್ತಿದ್ದೆ.

ಮುದುಕಿ ತೀರಿಹೋದಳು. ಮಣ್ಣು ಮಾಡಿದ ಮಾರನೆಯ ಬೆಳಗ್ಗೆ ತೆಕ್ಲಾ ಹೊಸ ಬಕೆಟ್ಟಿಗೆ ಟವಲು ಕಟ್ಟಿ, ತಲೆಗೆ ಕಪ್ಪು ವಸ್ತ್ರ ಬಿಗಿದು ಹೊರಟಳು. ಮೊದಮೊದಲು ಬೇರೆಯವರಿಗೂ ಇದು ವಿಚಿತ್ರವೇನೂ ಅನ್ನಿಸಲಿಲ್ಲ. ಸತ್ತವರಿಗೆ ಪಕ್ಷ ಇಲ್ಲ. ಆದರೆ ವಾರ ಕಳೆದಿರಲಿಲ್ಲ, ಪೇಟೆಯಿಂದ ನೀರಿನ ಟ್ಯಾಂಕರ್ ಬಂದು ಅವಳ ಹಿಂದೆ ನಿಂತಿತು. ಟ್ಯಾಂಕರಿನ ಹೊಟ್ಟೆಯ ಮೇಲೆ ಓನುಫ್ರಿಯ ನಗುಮುಖದ ದೊಡ್ಡ ಚಿತ್ರ, ಅದರ ಕೆಳಗೆ ‘ತಾಯಿಯ ಆತ್ಮಕ್ಕೆ’ ಎಂಬ ಅಕ್ಷರ.

ಓನುಫ್ರಿಯೇ ಇಳಿದು ಬಂದ. ಕಪ್ಪು ಕೋಟು, ಕ್ಷೌರ ಮಾಡದ ಗಲ್ಲ, ಕೆಂಪು ಕಣ್ಣು. ಅತ್ತಿದ್ದು ಸುಳ್ಳಿರಲಾರದು. ಅಂಥವನೂ ತಾಯಿಗಾಗಿ ಅಳುತ್ತಾನೆ, ಅದೇ ನನಗೆ ಇನ್ನೂ ಹೇಸಿಗೆ.

“ಅಕ್ಕ, ಒಂದೊಂದು ಬಕೆಟ್ ಹೊತ್ತು ಏಳೆಂಟು ಮನೆಗೆ ಯಾಕೆ. ಅಮ್ಮನ ಹೆಸರಲ್ಲಿ ಇಡೀ ಕೇರಿಗೆ ಕೊಡೋಣ. ನೀನು ಮುಂದೆ ನಡಿ, ಗಾಡಿ ಹಿಂದೆ ಬರುತ್ತೆ.”

“ನಿಮ್ಮಮ್ಮ ಕೇಳಿದ್ದು ಒರತೆ ನೀರು ಓನುಫ್ರಿ.”

“ನಿನ್ನ ಬಕೆಟ್ಟಲ್ಲಿ ಒರತೆ ನೀರೇ ಇರ್ಲಿ. ಗಾಡೀಲಿ ಪೇಟೆ ನೀರು. ಅಮ್ಮನ ಆತ್ಮಕ್ಕೆ ಕೊಡೋದನ್ನ ಬೇಡ ಅಂತೀಯಾ?”

ಗೇಟುಗಳ ಬಳಿ ಹೆಂಗಸರು ಪಾತ್ರೆ ಹಿಡಿದು ನಿಂತಾಗಿತ್ತು. ಅವಳು ತುಟಿ ಕಚ್ಚಿಕೊಂಡು ನಡೆದಳು.

ದಿನಾ ಬೆಳಗ್ಗೆ ಅದೇ ಮೆರವಣಿಗೆ. ಮುಂದೆ ಬಕೆಟ್ ಹಿಡಿದ ತೆಕ್ಲಾ, ಹಿಂದೆ ಮೇಯರ್‌ನ ಮುಖ ಹೊತ್ತ ಟ್ಯಾಂಕರ್. ಯಾವ ಬಾಗಿಲಲ್ಲಿ ನಿಂತು ಅವಳು “ಇವನನ್ನು ಕೆಳಗಿಳಿಸೋಣ” ಅನ್ನಬೇಕಿತ್ತೋ ಅದೇ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ಅವನ ತಾಯಿಯ ನೀರು ಕೊಟ್ಟಳು. ಟ್ಯಾಂಕರಿನ ಡ್ರೈವರನಿಗೆ ಅಂಥ ಕಟ್ಟೇನೂ ಇರಲಿಲ್ಲ. ಕೊಳವೆ ಹಿಡಿದುಕೊಂಡು, “ಯಜಮಾನ್ರು ವರ್ಷ ಪೂರ್ತಿ ಕೊಡ್ತಾರಂತೆ. ಗೆದ್ರೆ ಯಾವಾಗ್ಲೂ ಕೊಡ್ತಾರಂತೆ” ಎಂದು ಪ್ರತಿ ಗೇಟಿನಲ್ಲೂ ಹೇಳುತ್ತಿದ್ದ. ಜನ ಬಕೆಟ್, ಕ್ಯಾನು, ಹಾಲಿನ ಡಬ್ಬ, ಮಗುವಿಗೆ ಸ್ನಾನ ಮಾಡಿಸುವ ತೊಟ್ಟಿ ಎಲ್ಲ ತಂದಿಟ್ಟು ತುಂಬಿಸಿಕೊಂಡರು. ದೇವರು ಅವಳನ್ನು ಕ್ಷಮಿಸಲಿ ಎಂದರು. ಮೊದಲು ಟ್ಯಾಂಕರಿಗೆ ಅಂದರು, ಆಮೇಲೆ ನೆನಪಾಗಿ ತೆಕ್ಲಾಳ ಕಡೆ ತಿರುಗಿ ಅಂದರು.

“ಏನೇ, ನೀವಿಬ್ರೂ ಒಂದಾದ್ರಾ?” ಎಂದಳು ಯುಸ್ತಿನಾ, ಎರಡು ಕೈಯಲ್ಲೂ ತುಂಬಿದ ಬಕೆಟ್ ಹಿಡಿದು. “ಮೊದ್ಲೇ ಆಗಿದ್ರೆ ನಮಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ.”

ತೆಕ್ಲಾ ಉತ್ತರ ಕೊಡುವಂತಿಲ್ಲ. ಮುಂದಿನ ಗೇಟಿಗೆ ಹೋದಳು. ಸಂಜೆ ನನ್ನ ಹತ್ತಿರ ಬಂದು, “ದೊಡ್ಡಮ್ಮ, ಬಾಯಲ್ಲಿ ಹಂದಿ ಕೂದಲು ಸಿಕ್ಕಿಹಾಕ್ಕೊಂಡಂಗೆ ಆಗುತ್ತೆ. ಉಗುಳಕ್ಕಾಗಲ್ಲ, ನುಂಗಕ್ಕಾಗಲ್ಲ” ಎಂದಳು.

“ಬಿಟ್ಬಿಡು, ಬೇರೆ ಯಾರಾದ್ರೂ ಹೊರ್ತಾರೆ” ಎಂದೆ.

“ನೀನು ಬಿಡ್ತಿದ್ಯಾ?”

ಸೂರ್ಯಕಾಂತಿ ಬೀಜದ ತಟ್ಟೆಯನ್ನು ಅವಳ ಮುಂದೆ ಸರಿಸಿದೆ.

ಯಾರೋ ಆ ಮೆರವಣಿಗೆಯ ಫೋಟೋ ತೆಗೆದು ಫೋನುಗಳಿಗೆಲ್ಲ ಹರಿಸಿದರು. ಎಮಿಲಿಯಾನ್ ಕಾರು ಹಾಕಿಕೊಂಡು ಓಡಿಬಂದ. ಅಡುಗೆಮನೆಯ ಬಾಗಿಲಲ್ಲೇ ನಿಂತು, “ನೀವು ನಮ್ಮ ಪಕ್ಷದೋರಾ, ಅವನ ಮನೆ ಆಳಾ? ಇಂಥ ಹಳೇ ಕಾಲದ ಮೂಢನಂಬಿಕೆ ಇಟ್ಕೊಂಡು ಯುರೋಪಿಗೆ ಹೋಗ್ತೀರಾ?” ಎಂದ.

ತೆಕ್ಲಾ ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಕಡೆ ತಿರುಗಿದಳು. “ಸ್ವಾಮಿ, ನಿಮ್ಮಮ್ಮ ಇದ್ದಾರಾ?”

“ಇದ್ದಾರೆ.”

“ಅವ್ರು ಸಾಯೋವಾಗ ಯಾರ ಕೈ ಹಿಡ್ಕೊಂಡು ಏನು ಕೇಳ್ತಾರೋ ನೋಡಿ. ಆಮೇಲೆ ಬಂದು ನಂಗೆ ಹೇಳಿ.”

ಅವನು ಬಾಟಲಿಯಿಂದ ನೀರು ಕುಡಿದು ಹೊರಟುಹೋದ.

ನಲವತ್ತನೆಯ ದಿನ ನೀರು ಬಿಡುವ ಶಾಸ್ತ್ರ. ಹೊತ್ತವಳು ಹರಿಯುವ ನೀರಿನ ದಡಕ್ಕೆ ಹೋಗಿ, ಸೋರೆ ಬುರುಡೆಯ ಹೋಳಿನಲ್ಲಿ ಮೇಣದ ಬತ್ತಿ ಹಚ್ಚಿಟ್ಟು ತೇಲಿ ಬಿಡಬೇಕು. ನಾನು ಇವಳ ನೀರು ಹೊತ್ತದ್ದಕ್ಕೆ ನೀನು ಸಾಕ್ಷಿಯೇ ಎಂದು ಕೇಳಬೇಕು, ಜೊತೆಗೆ ಬಂದವರು ಸಾಕ್ಷಿ ಎನ್ನಬೇಕು. ನಮ್ಮೂರಲ್ಲಿ ಹರಿಯುವ ನೀರೆಂದರೆ ಒಂದೇ ತೊರೆ. ಅದು ಓನುಫ್ರಿಯ ಹಂದಿಮನೆಯ ಹಿಂದಿನಿಂದ ಇಳಿದು ಬರುತ್ತದೆ.

ಮತದಾನಕ್ಕೆ ಇನ್ನೊಂದೇ ವಾರ ಉಳಿದಿತ್ತು. ಪಾದ್ರಿ ಬಂದರು, ಕೇರಿಯೆಲ್ಲ ಸೇತುವೆಯ ಮೇಲೆ ನೆರೆಯಿತು, ಕ್ಯಾಮೆರಾ ಹಿಡಿದ ಒಬ್ಬನೂ ಬಂದಿದ್ದ. ಕೆಳಗೆ ನೀರು ಕಪ್ಪಗೆ, ದಪ್ಪಗೆ, ಅಲ್ಲಲ್ಲಿ ಕಂದು ನೊರೆ. ದಡದ ಜೊಂಡು ಸೊಂಟದವರೆಗೆ ಕೊಳೆತು ಬಿದ್ದಿತ್ತು. ಸತ್ತ ಹಂದಿಮರಿಯೊಂದು ಕಲ್ಲಿಗೆ ಸಿಕ್ಕಿ ಊದಿಕೊಂಡಿತ್ತು. ಓನುಫ್ರಿಯ ಆಳು ಕೋಲಿನಿಂದ ಅದನ್ನು ಅವಸರದಲ್ಲಿ ಆಚೆ ನೂಕಿದ. ಹೆಂಗಸರು ಮೂಗಿಗೆ ವಸ್ತ್ರ ಹಿಡಿದುಕೊಂಡು ಪ್ರಾರ್ಥನೆ ಹೇಳಿದರು.

ತೆಕ್ಲಾ ಬುರುಡೆಯ ಹೋಳನ್ನು ನೀರಿಗಿಟ್ಟಳು. ಅದು ಮುಂದೆ ಹೋಗಲಿಲ್ಲ. ನೊರೆಯಲ್ಲಿ ಸಿಕ್ಕಿ ಅಲ್ಲೇ ಸುತ್ತಿತು. ಅವಳು ಬಗ್ಗಿ ಕೈಯಿಂದ ನೊರೆ ಸರಿಸಿ ದಾರಿ ಮಾಡಿದಳು. ಮೊಣಕೈವರೆಗೆ ಹೊಲಸು ಅಂಟಿತು. ಬತ್ತಿ ಉರಿಯುತ್ತಲೇ ತೇಲಿ ಮುಂದೆ ಹೋಯಿತು.

“ಲಿಸಾವೆತಾ ಅತ್ತೆಯ ನೀರು ಹೊತ್ತಿದ್ದೀನಿ, ಸಾಕ್ಷೀನಾ?” ಎಂದಳು.

“ಸಾಕ್ಷಿ” ಎಂದೆ ನಾನು. ಜೊತೆಗೆ ಹೋಗಿದ್ದವಳು ನಾನೇ.

ಅಲ್ಲಿಗೆ ಅವಳ ಕಟ್ಟು ಬಿಟ್ಟಿತು. ಎದ್ದು ನಿಂತು, ಆ ಕೈಯನ್ನು ಒರೆಸಿಕೊಳ್ಳದೆ ಓನುಫ್ರಿಯ ಮುಖದ ಮುಂದೆ ಹಿಡಿದಳು.

“ಮೂಸು. ನಿಮ್ಮಮ್ಮನಿಗೆ ಕೊನೇ ನೀರು ಇದು. ಇಷ್ಟು ದಿನ ಒರತೆ ನೀರು ಕೊಟ್ಟೆ, ಕೊನೇದ್ದು ಮಾತ್ರ ನಿನ್ನ ಹಂದಿ ಉಚ್ಚೇಲಿ ಬಿಡ್ಬೇಕಾಯ್ತು. ಬೇರೆ ನೀರು ಊರಲ್ಲಿ ಉಳಿಸಿದ್ದೀಯಾ?”

ಓನುಫ್ರಿ ಹಿಂದೆ ಸರಿಯಲಿಲ್ಲ. ಮುಖ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಮೆಲ್ಲಗೆ, “ನನ್ನ ಅಮ್ಮನ ಬತ್ತಿ ಇನ್ನೂ ಉರೀತಿದೆ ಅಕ್ಕ. ಅದರ ಮುಂದೆ ರಾಜಕೀಯ ಬೇಡ” ಎಂದ.

ನಾನು ಸೇತುವೆಯ ಮೇಲಿದ್ದವರ ಮುಖಗಳನ್ನು ನೋಡಿದೆ. ಅವರಿಗೆ ಅವಳ ಮಾತು ನಿಜವೆಂದು ಗೊತ್ತಿತ್ತು, ಮೂಗಿಗೆ ಹಿಡಿದ ವಸ್ತ್ರವೇ ಹೇಳುತ್ತಿತ್ತು. ಆದರೆ ತಿಂಗಳಿಗೂ ಮೇಲೆ ಅವನ ನೀರಿನಲ್ಲಿ ಬೋರ್ಷ್ ಸಾರು ಕಾಯಿಸಿದ್ದರು. ಯುಸ್ತಿನಾ ಮೊದಲು ಬಾಯಿ ತೆರೆದಳು. “ಶಾಸ್ತ್ರ ಕೆಡಿಸಿದ್ಲು. ಪಾಪ, ಮುದುಕಿ ಬಾಯಾರ್ಕೊಂಡೇ ಇರ್ತಾಳೆ ಇನ್ಮೇಲೆ.” ಒಬ್ಬರ ಹಿಂದೊಬ್ಬರು ತಲೆ ಆಡಿಸಿದರು. ಆಮೇಲೆ ಎಲ್ಲರೂ ಓನುಫ್ರಿಯ ಅಂಗಳಕ್ಕೆ ಊಟಕ್ಕೆ ಹೋದರು. ಎಲೆಕೋಸಿನ ಸುರುಳಿ, ಹಂದಿ ಮಾಂಸದ ಗಟ್ಟಿ ಸಾರು, ಅವನದೇ ಹಂದಿ. ಬೆರಳು ನೆಕ್ಕಿ ತಿಂದರಂತೆ. ನಾನು ಹೋಗಲಿಲ್ಲ.

ಮೇಯರ್ ಕುರ್ಚಿಗೆ ಅವಳು ಸೋತಳು. ಮೇಯರ್ ಓನುಫ್ರಿಯೇ ಆದ. ನಮ್ಮಲ್ಲಿ ಒಬ್ಬರೇ ಎರಡು ಕಡೆ ನಿಲ್ಲಬಹುದು, ಊರ ಕೌನ್ಸಿಲಿಗೆ ಮಾತ್ರ ಕಿಟಕಿ ಪಕ್ಷದಿಂದ ಒಬ್ಬಳು ಆರಿಸಿ ಬಂದಳು, ತೆಕ್ಲಾ. ನಾಚಿಕೆಗೆ ಹಾಕಿದ ಮತಗಳೋ, ಮತ್ತೇನೋ. ಮತ ಹಾಕಿ ಬಂದವರು ಯಾರೂ ಅವಳಿಗೆ ಹಾಕಿದೆ ಎಂದು ಬಾಯಿ ಬಿಡಲಿಲ್ಲ.

ಚಳಿ ಬಲಿಯುವ ಹೊತ್ತಿಗೆ ಓನುಫ್ರಿ ಕೌನ್ಸಿಲಿನ ಮುಂದೆ ಒಂದು ಬೇಡಿಕೆ ಇಟ್ಟ. ಹಂದಿಮನೆಯನ್ನು ದೊಡ್ಡದು ಮಾಡಬೇಕು, ಕೊಚ್ಚೆಗೆ ಎರಡನೆಯ ಗುಂಡಿ ಬೇಕು. ಜಾಗ ಎಲ್ಲಿ ಎಂದರೆ ನಮ್ಮ ಕೇರಿಯ ನೆತ್ತಿಯ ಮೇಲೆ, ಸರಿಯಾಗಿ ಒರತೆಯ ಬದಿಗೆ. ಕೌನ್ಸಿಲಿನಲ್ಲಿ ಅವನ ಕಡೆಯವರೂ ಅವನ ವಿರೋಧಿಗಳೂ ಸರಿಸಮ. ತೆಕ್ಲಾಳ ಕೈ ಎತ್ತ ಏಳುತ್ತದೋ ಅತ್ತ ತೀರ್ಮಾನ. ಎರಡನೆಯ ಗುಂಡಿ ಬಂದರೆ ಮೊಮ್ಮಗಳು ಈ ಅಂಗಳಕ್ಕೆ ಬರುವ ಮಾತೇ ಇಲ್ಲ, ಇರುವ ಒರತೆಯೂ ಹೋಗುತ್ತದೆ.

ಸಭೆಯ ದಿನ ಬೆಳಗ್ಗೆ ಎಮಿಲಿಯಾನ್ ಬಂದ. ಈ ಸಲ ಒಳಗೆ ಬಂದು ಕೂತ, ಕೊಟ್ಟ ಕುಂಬಳದ ಪ್ಲಾಚಿಂತಾ ರೊಟ್ಟಿಯನ್ನೂ ತಿಂದ. ಅವನು ತಿಂದದ್ದು ಕಂಡೇ ನನಗೆ ಅನುಮಾನ ಬಂತು.

“ತೆಕ್ಲಾ ಮೇಡಂ, ಇವತ್ತು ಓನುಫ್ರಿಯವರ ಪ್ರಸ್ತಾಪಕ್ಕೆ ಕೈ ಎತ್ಬಿಡಿ.”

ತೆಕ್ಲಾ ಒಲೆಗೆ ಸೌದೆ ಹಾಕುತ್ತಿದ್ದವಳು ತಿರುಗಲಿಲ್ಲ. “ಯಾರ ಪ್ರಸ್ತಾಪಕ್ಕೆ?”

“ಜಿಲ್ಲಾ ಕೌನ್ಸಿಲಲ್ಲಿ ಅವರ ಕಡೆಯೋರು ನಮಗೆ ಉಪಾಧ್ಯಕ್ಷ ಸ್ಥಾನ ಬಿಟ್ಕೊಡ್ತಾರೆ. ಅಲ್ಲಿ ನಾವು ಕೂತ್ರೆ ಯುರೋಪಿಂದ ನೀರಿನ ಯೋಜನೆ ತರ್ಬಹುದು. ದೊಡ್ಡದು ನೋಡಿ.”

“ಉಪಾಧ್ಯಕ್ಷ ಯಾರು ಆಗೋದು?”

ಅವನು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದ. “ಪಕ್ಷ ನನ್ನ ಹೆಸರು ಹೇಳಿದೆ.”

ತೆಕ್ಲಾ ತಿರುಗಿ ಅವನ ಮುಂದಿನ ತಟ್ಟೆ ಎತ್ತಿಕೊಂಡಳು. ಅರ್ಧ ರೊಟ್ಟಿ ಅದರಲ್ಲೇ ಇತ್ತು.

“ಓನುಫ್ರಿ ಹಂದಿ ಸಾಕ್ತಾನೆ ಅಂತ ಎಲ್ರಿಗೂ ಗೊತ್ತು ಸ್ವಾಮಿ. ಮೈಲಿ ದೂರದಿಂದ ನಾರತ್ತೆ. ನಿಮ್ಮ ಮೈಯಿಂದ ಗಂಧದ ಎಣ್ಣೆ ವಾಸನೆ ಬರುತ್ತಲ್ಲ, ಅದಕ್ಕೇ ತಿಳೀಲಿಲ್ಲ ನಂಗೆ.”

“ಪಕ್ಷದ ಶಿಸ್ತು ಅಂತ ಒಂದಿರುತ್ತೆ.”

“ದೊಡ್ಡಮ್ಮ, ಇವರಿಗೆ ಬಾಗಿಲು ತೆಗಿ. ಕಿಟಕಿಯಿಂದ ಹೋಗಕ್ಕೆ ಹೊಟ್ಟೆ ಅಡ್ಡ ಬರುತ್ತೆ.”

ನಾನು ತೆಗೆದೆ. ಅಂಗಳದ ಕೆಸರಿನಲ್ಲಿ ಅವನ ಬೂಟು ಹೂತುಕೊಂಡಿತು. ಅದನ್ನು ನೋಡಿ ಸಂತೋಷಪಟ್ಟೆ ಎಂದರೆ ನನ್ನ ವಯಸ್ಸಿಗೆ ಸಲ್ಲದು, ಆದರೂ ಪಟ್ಟೆ.

ಕೌನ್ಸಿಲ್ ಸಭೆಗೆ ಊರವರು ಗೋಡೆಗೊರಗಿ ನಿಲ್ಲಬಹುದು. ನಾನೂ ನಿಂತಿದ್ದೆ. ಪರವಾಗಿ ಕೈ ಎತ್ತಿ ಎಂದಾಗ ಅರ್ಧದಷ್ಟು ಕೈಗಳು ಎದ್ದವು. ಓನುಫ್ರಿ ತೆಕ್ಲಾಳನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ, ಅಂಗಡಿಯವನು ಗಿರಾಕಿಯನ್ನು ನೋಡುವ ಹಾಗೆ. ಅವಳ ಕೈ ಮಡಿಲಲ್ಲೇ ಇತ್ತು. ವಿರುದ್ಧ ಎಂದಾಗ ಎತ್ತಿದಳು. ಬೇಡಿಕೆ ಬಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಓನುಫ್ರಿ ಕೋಟು ಹಾಕಿಕೊಳ್ಳುತ್ತ, “ಸರಿ. ನೀವೇ ತೀರ್ಮಾನ ಮಾಡಿದ್ರಿ” ಎಂದು ಗೋಡೆಗೆ ನಿಂತವರ ಕಡೆ ನೋಡಿ ನಕ್ಕ.

ಚುನಾವಣೆ ಮುಗಿದ ಮೇಲೂ ದಿನಾ ಬರುತ್ತಿದ್ದ ಟ್ಯಾಂಕರ್ ಮಾರನೆಯ ಬೆಳಗ್ಗೆ ಬರಲಿಲ್ಲ. ಅದರ ಮಾರನೆಯ ಬೆಳಗ್ಗೆಯೂ ಇಲ್ಲ. ಖಾಲಿ ಕ್ಯಾನುಗಳನ್ನು ಗೇಟಿನ ಹೊರಗೆ ಸಾಲಾಗಿ ಇಟ್ಟುಕೊಂಡು ಹೆಂಗಸರು ಕಾದರು. ಆಮೇಲೆ ಕಾಯುವುದು ಬಿಟ್ಟು ತೆಕ್ಲಾಳ ಗೇಟಿಗೆ ಬಂದರು. ಓನುಫ್ರಿಯ ಗುಡ್ಡದ ಮನೆಗೆ ಒಬ್ಬಳಾದರೂ ಹೋದಳೇ? ಇಲ್ಲ. ಅಲ್ಲಿ ನಾಯಿ ಇದೆ. ಇಲ್ಲಿ ಗೇಟಿಗೆ ಚಿಲಕವೂ ಇಲ್ಲ.

“ನಮ್ಮ ನೀರು ನಿಲ್ಸಿದ್ಯಲ್ಲ, ಈಗ ಸಮಾಧಾನ ಆಯ್ತಾ?” ಎಂದಳು ಯುಸ್ತಿನಾ.

“ನಾನು ನಿಲ್ಲಿಸಿದ್ನಾ?”

“ಒಂದು ಕೈ ಎತ್ತೋದಕ್ಕೆ ಏನ್ ಕಷ್ಟ ನಿಂಗೆ? ಇಡೀ ಕೇರಿಗೆ ನೀರು ಬರ್ತಿತ್ತು.”

“ಆ ಗುಂಡಿ ಬಂದಿದ್ರೆ ಒರತೇನೂ ಹೋಗ್ತಿತ್ತು ಯುಸ್ತಿನಾ.”

“ಟ್ಯಾಂಕರ್ ಬರ್ತಿದ್ರೆ ಒರತೆ ಯಾಕೆ ಬೇಕಿತ್ತು? ನಿನ್ನ ಮೊಮ್ಮಗಳಿಗೋಸ್ಕರ ನಮ್ಮ ಮಕ್ಕಳನ್ನ ಬಾಯಾರಿಸ್ದೆ.”

ಹಿಂದೆ ನಿಂತ ಒಬ್ಬಳು, “ಇಟಲಿಗೆ ವಾಪಸ್ ಹೋಗು, ಅಲ್ಲಿ ನಲ್ಲೀಲಿ ಬರುತ್ತೆ” ಎಂದಳು. ಇನ್ನೊಬ್ಬಳು ಗೇಟಿನ ಮೇಲೆ ಉಗುಳಿದಳು. ಉಗುಳು ನೀಲಿ ಬಣ್ಣದ ಹಲಗೆಯ ಮೇಲೆ ಜಾರಿ ಇಳಿಯಿತು. ಇವರೆಲ್ಲರ ಹೆರಿಗೆಗೆ, ಸಾವಿಗೆ, ದ್ರಾಕ್ಷಿ ತುಳಿಯಲು ತೆಕ್ಲಾ ಹೋಗಿದ್ದಾಳೆ.

ತೆಕ್ಲಾ ಅವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಒಂದು ಹಳೆ ಬಟ್ಟೆ ತಂದು ಗೇಟು ಒರೆಸಿದಳು. ಅವರು ನೋಡುತ್ತಲೇ ನಿಂತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಕರಗಿದರು.

ಆ ವಾರವೇ ಪಕ್ಷದಿಂದ ಫೋನು ಬಂತು. ಶಿಸ್ತು ಮುರಿದದ್ದಕ್ಕೆ ಅವಳನ್ನು ತೆಗೆದುಹಾಕಿದ್ದಾರಂತೆ, ಉಳಿದ ಟೋಪಿಗಳನ್ನು ವಾಪಸ್ ಕಳಿಸಬೇಕಂತೆ. “ಕೊಯ್ಲಿಗೆ ಹೋದೋರ ತಲೆ ಮೇಲಿವೆ, ಬಂದು ಬಿಚ್ಕೊಳ್ಳಿ” ಎಂದು ಫೋನು ಇಟ್ಟಳು. ಕೌನ್ಸಿಲಿನ ಕುರ್ಚಿಯನ್ನು ಮಾತ್ರ ಬಿಡಲಿಲ್ಲ. ಅದು ಜನ ಕೊಟ್ಟದ್ದು, ಆ ಜನ ಎಂಥವರೇ ಇರಲಿ.

ಸೊಸೆಯೂ ಕರೆ ಮಾಡಿದಳು. ನಾನು ಪಕ್ಕದಲ್ಲಿದ್ದೆ. ಫೋನಿನೊಳಗಿಂದ ಮಗು ಏನೋ ತೊದಲುತ್ತಿತ್ತು. “ಗುಂಡಿ ಬರಲ್ವಂತೆ ಅತ್ತೆ, ಗವ್ರೀಲ್ ಹೇಳಿದ್ರು. ಬಾವಿ?” ಎಂದಳು.

“ಬಾವಿ ಇನ್ನೂ ಹಂಗೇ ಇದೆ ಮಗಳೇ” ಎಂದಳು ತೆಕ್ಲಾ. “ಹಳೇ ಗುಂಡಿ ಸೋರ್ತಾನೇ ಇದೆ. ಮುಂದಿನ ಸಭೇಲಿ ಅದನ್ನ ಕೇಳ್ತೀನಿ. ಕರ್ಕೊಂಡು ಬರ್ಬೇಡ. ನಾನೇ ಭಾನುವಾರ ಬರ್ತೀನಿ.”

ಫೋನು ಇಟ್ಟು ಒಲೆಯ ಕೆಂಡ ಕೆದಕಿದಳು. ಇಷ್ಟೆಲ್ಲ ಹೊತ್ತು, ನಡೆದು, ಉಗುಳಿಸಿಕೊಂಡು ಅವಳಿಗೆ ದಕ್ಕಿದ್ದು, ಇದಕ್ಕಿಂತ ಕೆಟ್ಟದ್ದು ಆಗಲಿಲ್ಲ ಎನ್ನುವುದೊಂದೇ.

“ನಿಂಗೆ ಇವ್ರ ಮೇಲೆ ಅಸಹ್ಯ ಆಗಲ್ವೇನೇ?” ಎಂದು ಕೇಳಿದೆ.

“ಆಗುತ್ತೆ ದೊಡ್ಡಮ್ಮ. ತುಂಬಾ ಆಗುತ್ತೆ. ಆದ್ರೆ ಅಸಹ್ಯ ಅಂತ ಕೂತ್ರೆ ಹೊಲಸು ತೆಗೆಯೋರು ಯಾರು? ಆಡು ಕಟ್ಟಿದ್ದೀನಿ, ಬೆಳಗ್ಗೆಯಿಂದ ಕೊಟ್ಟಿಗೆಗೆ ಹೋಗೇ ಇಲ್ಲ.”

ಅವಳು ರಬ್ಬರ್ ಬೂಟು ಹಾಕಿಕೊಂಡು ಹಿತ್ತಲಿಗೆ ಹೋದಳು. ನಾನು ಬಾಗಿಲಲ್ಲಿ ಕೋಲೂರಿ ನಿಂತೆ. ಎರಡೂ ಆಡುಗಳನ್ನು ಬೇಲಿಗೆ ಬಿಗಿದು, ಮಾಸಿದ ಹುಲ್ಲನ್ನು ಸಲಿಕೆಯಿಂದ ಎತ್ತಿ, ಮೂಲೆಯಲ್ಲಿ ಮೆತ್ತಿಕೊಂಡ ಹಿಕ್ಕೆಯನ್ನು ಕೆರೆದು ಬುಟ್ಟಿಗೆ ತುಂಬಿದಳು. ಬುಟ್ಟಿಯನ್ನು ಸೊಂಟಕ್ಕೊತ್ತಿ ತೋಟದ ತುದಿಯ ಗೊಬ್ಬರದ ರಾಶಿಗೆ ಸುರಿದು ಬಂದಳು. ಮತ್ತೆ ತುಂಬಿದಳು, ಮತ್ತೆ ಸುರಿದಳು. ನೆಲ ಕಂಡ ಮೇಲೆ ಪೊರಕೆ ಹಿಡಿದು ಗುಡಿಸಿ, ಒಣಹುಲ್ಲು ತಂದು ಕೈಯಿಂದ ಬಿಡಿಸಿ ಹಾಸಿದಳು.